ಊದುಬತ್ತಿ ಹಿಡಿದು ನಿಂತವಳು

"ಗುರುಗಳೇ, ತೀರಿಕೊಂಡವರ ಮುಖ ನೆನಪಿಗೆ ಬಾರದಿದ್ದರೆ, ಅವರ ಮೇಲೆ ನಮಗಿದ್ದ ಪ್ರೀತಿ ಸುಳ್ಳೆಂದೇ ಅರ್ಥವೇ?"

ಕೇಳಿದವನು ಶಿವಪುತ್ರ. ಅವನನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅವಳ ಕೆಮ್ಮು ನೆನಪಿದೆ, ಅವಳು ರೊಟ್ಟಿ ತಟ್ಟುವ ಸಪ್ಪಳ ನೆನಪಿದೆ, ಮುಖವೊಂದೇ ಬರುತ್ತಿಲ್ಲ ಎಂದು ಅವನು ಹೇಳಿಕೊಂಡ. ಮಠದ ಜಗಲಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಗುರುಗಳು ಮೊರವನ್ನು ಕೆಳಗಿಟ್ಟರು. ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ ಅದು. ಹಗಲಿನ ಚಿತ್ರ ಅವನಿಗೆ ಬೇಕಿರಲಿಲ್ಲ. ಅಂಗಡಿಗಳು ಬಾಗಿಲು ಹಾಕಿದ ಮೇಲೆ ಬೀದಿಯಲ್ಲಿ ಯಾರು ಉಳಿಯುತ್ತಾರೋ ಅವರು ಬೇಕಿತ್ತು: ಮಾರದೆ ಉಳಿದ ಹೂವಿನ ಬುಟ್ಟಿ ಹೊತ್ತವಳು, ಕೊನೆಯ ಲಾರಿಗೆ ಕಾಯುವ ಹಮಾಲ, ಬೀಗಗಳನ್ನು ಜಗ್ಗಿ ನೋಡುತ್ತ ಹೋಗುವ ಕಾವಲುಗಾರ. ಅವನು ಫ್ಲ್ಯಾಷ್ ಬಳಸುತ್ತಿರಲಿಲ್ಲ. ಫ್ಲ್ಯಾಷ್ ಹೊಡೆದರೆ ಜನ ಸಿಗುತ್ತಾರೆ, ರಾತ್ರಿ ಸಿಗುವುದಿಲ್ಲ ಎನ್ನುತ್ತಿದ್ದ. ಬೀದಿದೀಪದ ಬೆಳಕೇ ಸಾಕು. ಆದರೆ ಅದು ಬಡ ಬೆಳಕು. ಲೆನ್ಸನ್ನು ಪೂರ್ತಿ ತೆರೆಯಬೇಕು, ಕಂಬಕ್ಕೆ ಒರಗಿ ಉಸಿರು ಬಿಟ್ಟು ಕೈ ಅಲುಗದಂತೆ ಗುಂಡಿ ಒತ್ತಬೇಕು, ಆಮೇಲೆ ಫಿಲ್ಮನ್ನು ದ್ರಾವಣದಲ್ಲಿ ವಾಡಿಕೆಗಿಂತ ಹೆಚ್ಚು ಹೊತ್ತು ಇಡಬೇಕು. ಲೆನ್ಸ್ ಪೂರ್ತಿ ತೆರೆದಾಗ ಇನ್ನೊಂದು ತೊಡಕುಂಟು. ಯಾವ ದೂರಕ್ಕೆ ಹೊಂದಿಸಿದೆಯೋ ಆ ದೂರದಲ್ಲಿರುವುದು ಮಾತ್ರ ಸ್ಪಷ್ಟ. ಒಂದು ಗೇಣು ಹಿಂದೆ ಮುಂದೆ ಆದರೂ ಮಸುಕು. ಕತ್ತಲಲ್ಲಿ ಆ ದೂರವನ್ನು ಬರಿಗಣ್ಣು ಅಳೆಯಲಾರದು.

ಅದಕ್ಕೆ ಅವನ ಹೆಂಡತಿ ಇದ್ದಳು. ಜನ ಹಾದುಹೋಗುವ ಜಾಗಕ್ಕೆ ಅವಳು ಹೋಗಿ ನಿಲ್ಲುತ್ತಿದ್ದಳು. ಹೊತ್ತಿಸಿದ ಊದುಬತ್ತಿಯನ್ನು ಗದ್ದದ ಬಳಿ ಹಿಡಿಯುತ್ತಿದ್ದಳು. ಕ್ಯಾಮೆರಾದ ಕಿಂಡಿಯಲ್ಲಿ ಆ ಕಿಡಿ ಎರಡಾಗಿ ಕಾಣುತ್ತಿತ್ತು. ಅವನು ಲೆನ್ಸನ್ನು ತಿರುಗಿಸುತ್ತ ಎರಡು ಕಿಡಿಗಳನ್ನು ಒಂದು ಮಾಡಿದರೆ ದೂರ ಸರಿಯಾಯಿತು. ಹತ್ತಿರ ಹೋಗಿ ಅವಳ ಕೆನ್ನೆಯ ಬಳಿ ಮೀಟರು ಹಿಡಿದು ನೋಡಿದರೆ ಬೆಳಕಿನ ಲೆಕ್ಕ ಸಿಕ್ಕಿತು. ಮರಳಿ ಕಂಬದ ಬಳಿ ಬಂದು, 'ಸರಿ, ಈಚೆ ಬಾ' ಎನ್ನುತ್ತಿದ್ದ. ಅವಳು ಸರಿಯುತ್ತಿದ್ದಳು. ಅವಳು ಬಿಟ್ಟ ಜಾಗಕ್ಕೆ ಯಾರಾದರೂ ಬರಲೆಂದು ಅವನು ಕಾಯುತ್ತಿದ್ದ.

ಎಷ್ಟೋ ವರ್ಷ ಹೀಗೆ ನಡೆಯಿತು. ಅವಳು ನಗುಮಾತಿನ ಹೆಂಗಸು. ಒಮ್ಮೆ ಚಹಾದಂಗಡಿಯವನ ಎದುರಿಗೇ ಹೇಳಿದಳು: "ಬೇರೆಯವರ ಗಂಡಂದಿರು ಹೆಂಡತಿ ಎದುರಿಗಿದ್ದಾಗ ಫೋಟೊ ತೆಗೀತಾರೆ. ನಮ್ಮನೆಯವರಿಗೆ ನಾನು ಸರಿದ ಮೇಲೇ ಕೈ ಬರೋದು." ಚಹಾದಂಗಡಿಯವನು ನಕ್ಕ. ಗಂಡನೂ ನಕ್ಕ. ರೀಲು ಮುಗಿಯುತ್ತ ಬಂದಿದೆ, ನಿನ್ನದನ್ನು ಒಂದು ದಿನ ಹಗಲು ಹೊತ್ತಿನಲ್ಲಿ ತೆಗೆಯೋಣ ಎಂದ.

ಎಲ್ಲ ದಿನಗಳಂಥದೇ ಒಂದು ದಿನ, ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿದು ಒಳಗೆ ಬರುವಾಗ ಅವಳು ಹೊಸ್ತಿಲಲ್ಲಿ ಕುಸಿದಳು. ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮಾಲೆ ಹಾಕಲು ಅವಳದೊಂದು ಫೋಟೊ ಬೇಕಾಯಿತು. ಅವಳ ತಮ್ಮ ಬಂದು ಕೇಳಿದ. ಮದುವೆಯ ಫೋಟೊದಲ್ಲಿ ಬಾಸಿಂಗ ಕಟ್ಟಿ ತಲೆ ತಗ್ಗಿಸಿದ್ದಳು, ಮುಖ ಕಾಣುತ್ತಿರಲಿಲ್ಲ. ಛಾಯಾಗ್ರಾಹಕ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ನೆಗೆಟಿವ್‌ಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಇಡೀ ಪಟ್ಟಣ ಅವುಗಳಲ್ಲಿತ್ತು. ಮೈದುನ ಬಹಳ ಹೊತ್ತು ಪಕ್ಕದಲ್ಲಿ ಕುಳಿತು ನೋಡಿದ. ಆ ಹಮಾಲನದೇ ಇಷ್ಟೊಂದು ಇವೆಯಲ್ಲ ಭಾವ, ಅಕ್ಕನದು ಒಂದೂ ಇಲ್ಲವೇ ಎಂದು ಕೇಳಿ ಎದ್ದುಹೋದ.

ಆಗ ಅವನಿಗೆ ಕ್ಯಾಮೆರಾದೊಳಗೇ ಉಳಿದಿದ್ದ ರೀಲು ನೆನಪಾಯಿತು. ಕಡೆಯ ಸಲ ಬೀದಿಗೆ ಹೋದಾಗ ಅವಳಿಗೆ ಕಾಲುನೋವಿತ್ತು, ನಿಧಾನವಾಗಿ ಸರಿದಿದ್ದಳು. ಅವಳು ಪೂರ್ತಿ ಸರಿಯುವ ಮೊದಲೇ ಅವನು ಗುಂಡಿ ಒತ್ತಿಬಿಟ್ಟಿದ್ದ. ಒಂದು ಚಿತ್ರ ಹಾಳಾಯಿತೆಂದು ಅವಳನ್ನು ಬೈದಿದ್ದ.

ಅವನು ಕತ್ತಲೆ ಕೋಣೆ ಸೇರಿದ. ಫಿಲ್ಮನ್ನು ಡಬ್ಬಿಯೊಳಗೆ ಸುತ್ತಿ ದ್ರಾವಣ ಹೊಯ್ದ. ರಾತ್ರಿಯ ಫಿಲ್ಮನ್ನು ಎಷ್ಟು ಹೊತ್ತು ಇಡಬೇಕೆಂಬುದು ಅವನಿಗೆ ಬಾಯಿಪಾಠ. ಆ ಹೊತ್ತು ಆಯಿತು. ದ್ರಾವಣ ಚೆಲ್ಲಲು ಕೈ ಮುಂದಾಯಿತು. ಅವಳು ಆಗಲೇ ದೀಪದಿಂದ ಆಚೆಗೆ ಸರಿಯುತ್ತಿದ್ದಳು, ಅವಳ ಮೇಲೆ ಬಿದ್ದ ಬೆಳಕು ಕಡಿಮೆ, ಇನ್ನೂ ಸ್ವಲ್ಪ ಬಿಟ್ಟರೆ ಮುಖ ಎದ್ದು ಬಂದೀತು ಅನ್ನಿಸಿತು. ಬಿಟ್ಟ. ಮತ್ತೆ ಹಾಗೇ ಅನ್ನಿಸಿತು. ಮತ್ತೆ ಬಿಟ್ಟ. ದ್ರಾವಣವು ಫಿಲ್ಮಿನ ಮೇಲೆ ಬಿದ್ದ ಬೆಳಕನ್ನಷ್ಟೇ ತೋರಿಸುತ್ತದೆ, ಬೀಳದ ಬೆಳಕನ್ನು ತಂದುಕೊಡುವುದಿಲ್ಲ ಎಂದು ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟವನು ಅವನೇ. ಹೊರಗೆ ತೆಗೆದಾಗ, ದ್ರಾವಣದಲ್ಲಿ ಅತಿಯಾಗಿ ನೆನೆದ ಫಿಲ್ಮು ಈ ತುದಿಯಿಂದ ಆ ತುದಿಯವರೆಗೆ ಕಪ್ಪಾಗಿತ್ತು. ಅವಳೂ ಇರಲಿಲ್ಲ, ಬೀದಿಯೂ ಇರಲಿಲ್ಲ.

ಮೈದುನ ಕೊನೆಗೆ ಚಿತ್ರ ಬರೆಯುವವನೊಬ್ಬನನ್ನು ಕರೆತಂದ. ಮುಖ ಹೇಗಿತ್ತೆಂದು ಯಜಮಾನರು ಹೇಳಿದರೆ ಸಾಕು, ಬರೆದುಕೊಡುತ್ತೇನೆ ಎಂದ ಅವನು. ಹಣೆ ಅಗಲವೋ ಕಿರಿದೋ, ಮೂಗು ಹೇಗೆ, ಮಚ್ಚೆಯೇನಾದರೂ ಇತ್ತೇ ಎಂದು ಒಂದೊಂದಾಗಿ ಕೇಳಿದ. ಛಾಯಾಗ್ರಾಹಕ ಕಣ್ಣು ಮುಚ್ಚಿ ಕುಳಿತ. ಆಮೇಲೆ ಹೇಳಿದ.

"ಎಂಟು ಅಡಿ ದೂರದಲ್ಲಿದ್ದಳು. ಎಡಗೆನ್ನೆಯ ಮೇಲೆ ಬೆಳಕಿತ್ತು."

ಬರೆಯುವವನು ಸೀಸದ ಕಡ್ಡಿ ಹಿಡಿದು ಕಾದ. ಹನ್ನೊಂದನೆಯ ದಿನ ಮಾಲೆಯನ್ನು ಬರಿಯ ಮಣೆಯ ಮೇಲೆ ಇಟ್ಟರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿವಪುತ್ರನ ತಲೆ ತಗ್ಗಿತ್ತು. ತಾನು ಹೆದರಿದ್ದೇ ನಿಜವಾಯಿತು ಎಂದುಕೊಂಡ. ಕೇಳಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಕೇಳಿಯೇಬಿಟ್ಟ.

"ಹಾಗಾದರೆ ಅವನು ಅವಳನ್ನು ಪ್ರೀತಿಸಿರಲೇ ಇಲ್ಲ. ಅಲ್ಲವೇ, ಗುರುಗಳೇ?"

ಗುರುಗಳು ಹೇಳಿದರು: "ಅವಳು ಹೋದ ಮೇಲೆ ಅವನು ತೆಗೆದ ಒಂದು ಚಿತ್ರವೂ ಸ್ಪಷ್ಟವಾಗಿ ಬರಲಿಲ್ಲ."