ಆನೆ ಕಟ್ಟಿಸಿದ ಮೆಟ್ಟಿಲು

ಕಾಡಿನ ಒಡೆಯನಾದ ಆನೆ ಎಲ್ಲ ಪ್ರಾಣಿಗಳಿಗೂ ಅನುಕೂಲವಾಗಲೆಂದು ಕೆರೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿತು. ಒಂದೊಂದು ಮೆಟ್ಟಿಲನ್ನೂ ತನ್ನ ಹೆಜ್ಜೆಯ ಅಳತೆಗೇ ಇಡಿಸಿತು. ಕೆಲವು ತಿಂಗಳಾದ ಮೇಲೆ ಗೀಜಗವನ್ನು ಕರೆಸಿತು. ಗೀಜಗ ಯಾವ ಹಿಂಡಿಗೂ ಸೇರಿದ್ದಲ್ಲ. ಕರೆದಲ್ಲಿಗೆ ಹೋಗಿ, ಅಲ್ಲಿರುವವರು ಬದುಕುವ ರೀತಿ ನೋಡಿ, ಅದಕ್ಕೆ ತಕ್ಕ ಗೂಡು ಹೆಣೆದುಕೊಟ್ಟು ಮುಂದಿನ ಮರಕ್ಕೆ ಹಾರುತ್ತಿತ್ತು.

“ಮೆಟ್ಟಿಲು ಹೇಗಿದೆಯೆಂದು ಎಲ್ಲರನ್ನೂ ವಿಚಾರಿಸು,” ಎಂದ ಆನೆ ತಾನೂ ಜೊತೆಗೇ ಹೊರಟಿತು.

ಮೊದಲು ಸಿಕ್ಕಿದ್ದು ಆಮೆ. ಅದು ಆನೆಯ ಕಾಲುಗಳನ್ನೇ ನೋಡುತ್ತಾ, “ಬಹಳ ಚೆನ್ನಾಗಿದೆ,” ಎಂದಿತು.

“ಕೇಳಿಸಿತಲ್ಲ? ಇದನ್ನೇ ಕಾಡಿಗೆಲ್ಲ ಸಾರಿ ನೀನು ಹೊರಡಬಹುದು,” ಎಂದಿತು ಆನೆ.

“ಆಮೆ ಹೇಳಿದ್ದನ್ನು ಕೇಳಿದೆ, ಇಳಿಯುವುದನ್ನು ನೋಡಿಲ್ಲ,” ಎಂದಿತು ಗೀಜಗ. “ನೀವು ಆ ಬಿದಿರುಮೆಳೆಯ ಹಿಂದೆ ನಿಂತು ಸುಮ್ಮನೆ ನೋಡಿ.”

ಆನೆ ಗೊಣಗುತ್ತಾ ಹೋಗಿ ನಿಂತಿತು. ಬಿಸಿಲೇರಿದಾಗ ಆಮೆ ನೀರಿಗೆ ಹೊರಟಿತು. ಮೊದಲ ಮೆಟ್ಟಿಲಲ್ಲೇ ಉರುಳಿ, ಕೆಳಗೆ ಅಂಗಾತ ಬಿದ್ದು ಕಾಲು ಬಡಿಯತೊಡಗಿತು. ಆನೆ ಓಡಿಬಂದು ಸೊಂಡಿಲಿನಿಂದ ಅದನ್ನು ಮಗುಚಿ ನಿಲ್ಲಿಸಿತು. ಆಗ ಮೆಟ್ಟಿಲ ಬುಡದ ಹುಲ್ಲಿನಲ್ಲಿ ಅಂಗಾತ ಬಿದ್ದಿದ್ದ ಬರಿಯ ಚಿಪ್ಪುಗಳು ಆನೆಯ ಕಣ್ಣಿಗೆ ಬಿದ್ದವು.

“ಇವು ಯಾರವು?”

“ಇದು ನನ್ನ ತಾಯಿಯದು, ಅದು ಅಣ್ಣನದು,” ಎಂದಿತು ಆಮೆ.

“ಇಷ್ಟಾದರೂ ಯಾಕೆ ಹೇಳಲಿಲ್ಲ?” ಎಂದು ಕೇಳಿತು ಆನೆ.

“ಹೇಳುವುದೇನಿದೆ, ಒಡೆಯಾ? ಮೆಟ್ಟಿಲು ಚೆನ್ನಾಗಿಯೇ ಇದೆ. ನಮ್ಮ ಕಾಲೇ ಗಿಡ್ಡ.”