ಕೆಂಪು ಅಂಚಿನ ಖರ್ಚು

"ಗುರುಗಳೇ, ಅಚ್ಚಿನ ಖರ್ಚಿನಲ್ಲಿ ಯಾವುದನ್ನು ಬಿಟ್ಟರೆ ನಷ್ಟವಿಲ್ಲ?" ಎಂದು ಮರುಳಯ್ಯ ಕೇಳಿದ. ಮಠದಿಂದ ಮನೆಮದ್ದಿನ ಪುಸ್ತಕವೊಂದು ಅಚ್ಚಾಗಬೇಕಿತ್ತು. ಮುದ್ರಣಾಲಯದವರು ಹೇಳಿದ ದರ ಕೇಳಿ ಶಿಷ್ಯನ ಎದೆ ಧಸಕ್ಕೆಂದಿತ್ತು.

"ಭಲೇ, ಕತ್ತರಿ ಹಿಡಿದುಕೊಂಡೇ ಬಂದಿದ್ದೀಯ. ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ವ್ಯಾಪಾರಿಯಿದ್ದ. ದಿನಸಿಯ ಜೊತೆಗೆ ಕೆಮ್ಮಿಗೆ ಕುಡಿಯುವ ಕಷಾಯ, ಕೀಲುನೋವಿಗೆ ಹಚ್ಚುವ ಎಣ್ಣೆಯನ್ನೂ ಮಾರುತ್ತಿದ್ದ. ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಸೀಸೆಗಳು ಮಾತ್ರ ಒಂದೇ ಬಗೆಯವು. ಆದ್ದರಿಂದ ಎಣ್ಣೆ ಸೀಸೆಗೆ ಅಂಟಿಸುವ ಚೀಟಿಗೆ ಕೆಂಪು ಅಂಚು ಹಾಕಿಸುತ್ತಿದ್ದ. ಓದು ಬಾರದವರು ಅದನ್ನು ನೋಡಿಯೇ ಗುರುತು ಹಿಡಿಯುತ್ತಿದ್ದರು.

ಚೀಟಿ ಮುಗಿದಾಗ ಅವನು ಮುದ್ರಣಾಲಯಕ್ಕೆ ಹೋದ. ಖರ್ಚು ಇಷ್ಟೇಕೆ ಎಂದು ಜಗಳ ತೆಗೆದ.

"ಹೆಚ್ಚು ಪ್ರತಿ ಹಾಕಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ ಯಜಮಾನರೇ. ಬಣ್ಣ ಹೆಚ್ಚಿದರೆ ಏರುತ್ತದೆ. ಕೆಂಪಿಗೆ ಬೇರೆ ಪ್ಲೇಟು ಬೇಕು, ಕಾಗದ ಮತ್ತೊಮ್ಮೆ ಯಂತ್ರಕ್ಕೆ ಹೋಗಬೇಕು" ಎಂದ ಮುದ್ರಕ.

"ಹಾಗಾದರೆ ಕೆಂಪು ಬೇಡ. ಕುಡಿಯಬಾರದು ಅಂತ ಅಕ್ಷರದಲ್ಲಿ ಇದೆಯಲ್ಲ, ಸಾಕು" ಎಂದ ವ್ಯಾಪಾರಿ. ಬರೀ ಕಪ್ಪಕ್ಷರದ ಚೀಟಿ ಅಂಟಿಸಿದ ಎಣ್ಣೆ ಸೀಸೆಗಳು ಅಂಗಡಿಗೆ ಬಂದವು. ಉಳಿತಾಯ ನೆನೆದು ಅವನು ಹಿಗ್ಗಿದ.

ಸಂತೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮುದುಕಿ ಬಂದು, "ಮೊಮ್ಮಗೂಗೆ ಕೆಮ್ಮಪ್ಪಾ" ಎನ್ನುತ್ತ ಕೆಂಪಿಲ್ಲದ ಸೀಸೆಯೊಂದನ್ನು ತಾನೇ ತೆಗೆದುಕೊಂಡು, ದುಡ್ಡಿಟ್ಟು ಹೋದಳು. ಅವನು ತಲೆಯೆತ್ತಿಯೂ ನೋಡಲಿಲ್ಲ.

ಜನ ಕರಗಿದ ಮೇಲೆ ಸೀಸೆಗಳಿಟ್ಟ ಹಲಗೆಯ ಕಡೆ ತಿರುಗಿದ. ಕಷಾಯದ ಸಾಲು ತುಂಬಿತ್ತು. ಎಣ್ಣೆಯ ಸಾಲಿನಲ್ಲಿ ಒಂದು ಸೀಸೆ ಇರಲಿಲ್ಲ.

ಅಯ್ಯೋ, ಮುದುಕಿ ಒಯ್ದದ್ದು ಎಣ್ಣೆ! ಅಂಗಡಿ ತೆರೆದಿಟ್ಟೇ ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸುಗಳು ಹೊರಟುಹೋಗಿದ್ದವು. ಮುದುಕಿ ಯಾರು, ಯಾವ ಊರಿನವಳು? ಕಂಡಕಂಡವರನ್ನು ಕೇಳಿದ, ಯಾರಿಗೂ ಗೊತ್ತಿಲ್ಲ. ಹಳ್ಳಿ ಹಳ್ಳಿ ಸುತ್ತಿದ. ಯಾರ ಮನೆಯಲ್ಲಿ ಮಗು ಅತ್ತರೂ ನಿಂತು ಕಿವಿಗೊಡುತ್ತಿದ್ದ. ಅಳು ನಿಂತರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಮುದುಕಿ ಮಾತ್ರ ಸಿಗಲೇ ಇಲ್ಲ. ಇಂದಿಗೂ ಯಾರಾದರೂ ಹೊಸಬರು ಅಂಗಡಿಯ ಮೆಟ್ಟಿಲು ಹತ್ತಿದರೆ ಆತ ನಡುಗುತ್ತಾನೆ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯ ಮುಂದಕ್ಕೆ ಬಾಗಿ ಕೇಳಿದ.

"ಗುರುಗಳೇ, ಆ ಮಗು ಏನಾಯಿತು?"

"ಅವನು ಕೆಂಪು ಬೇಡ ಎಂದನಲ್ಲ, ಆಗ ನೀನು ಇದನ್ನು ಕೇಳಲಿಲ್ಲ" ಎಂದರು ಗುರುಗಳು.