ತುತ್ತೂರಿ ನಿಲ್ಲೋ ತನಕ ದೊರೆ ಕೂರೋ ಹಾಗಿಲ್ಲ

ಒಂದಾನೊಂದು ಕಾಲ, ನಾನೂ ಹುಟ್ಟಿರಲಿಲ್ಲ ನನ್ನಜ್ಜೀನೂ ಹುಟ್ಟಿರಲಿಲ್ಲ, ಏಳು ಸಮುದ್ರದಾಚೆ ಮಂಜು ಬೀಳೋ ಸೀಮೇಲಿ ಒಬ್ಬ ದೊರೆ ಇದ್ದನಂತೆ. ಅವನು ಊಟಕ್ಕೆ ಹಜಾರದೊಳಗೆ ಬರುವಾಗ ಬಾಗಿಲಲ್ಲಿ ತುತ್ತೂರಿ ಊದಬೇಕಂತೆ. ಅದಕ್ಕಂತಲೇ ಒಂದು ಮಟ್ಟು, ಆ ಕಡೆಯವರು ಇಂಟ್ರಾಡಾ ಅಂತಾರಂತೆ, ನಾವು ಒಳಬರೋ ಮಟ್ಟು ಅನ್ನೋಣ. ಮಟ್ಟು ಮುಗಿಯೋ ತನಕ ದೊರೆ ಕೂರೋ ಹಾಗಿಲ್ಲ, ದೊರೆ ಕೂರೋ ತನಕ ಯಾರೂ ತುತ್ತು ಮುಟ್ಟೋ ಹಾಗಿಲ್ಲ. ಅರ್ಧಕ್ಕೆ ನಿಂತರಂತೂ ಸಿಂಹಾಸನಾನೇ ಹೋಗುತ್ತೆ ಅಂತ ಅವರ ನಂಬಿಕೆ.

ಊದೋರು ಮೂವರು ಅಣ್ಣತಮ್ಮಂದಿರು, ಆಂಟೋನ, ಮಾರ್ಟಿನ, ಲೂಕಾಸ. ನಗಾರಿ ಬಡಿಯೋನು ಅವರಪ್ಪ, ಹಣ್ಣು ಹಣ್ಣು ಮುದುಕ, ಆ ಮಟ್ಟು ಕಟ್ಟಿದವನೂ ಅವನೇ. ನಾಲ್ವರೂ ಹೊಸ್ತಿಲಾಚೆ ಮಂಜಲ್ಲೇ ನಿಲ್ಲಬೇಕು. ಊದಿ ಮುಗೀತೋ, ಮುಖಕ್ಕೆ ದಢಾರ್ ಅಂತ ಬಾಗಿಲು! ಥೂ, ಅವನ ದೊರೆತನಕ್ಕಿಷ್ಟು ಬೆಂಕಿ ಹಾಕ!

ಆಮೇಲೆ ಒಂದು ಚಳಿಗಾಲ ಮುದುಕನಿಗೆ ಕೆಮ್ಮು ಎದೆಗಿಳಿದು, ಬೆಂಕಿ ಹತ್ರ ಕೂರಿಸದಿದ್ರೆ ಉಳಿಯಲ್ಲ ಅನ್ನೋ ಹಾಗಾಯ್ತಂತೆ. ಆಂಟೋನ ಹೋಗಿ, ಅಪ್ಪನ್ನ ಒಳಗೆ ಬಿಡಿ ಅಂತ ಅರಮನೆ ಪಾರುಪತ್ಯಗಾರನ್ನ ಕೇಳಿದನಂತೆ, ಅವನು ನಿಮ್ಮ ಜಾಗ ಬಾಗಿಲಾಚೆ ಅಂದುಬಿಟ್ಟನಂತೆ. ಆಮೇಲೆ ಮಾರ್ಟಿನ ರಾಣೀನ ಕೇಳಿದನಂತೆ, ಅವಳು ಕಿಸಕ್ಕಂತ ನಕ್ಕಳಂತೆ. ನಗೋ ಮಾತೇನೇ ಅದು, ನೀನೇ ಹೇಳು? ಆಮೇಲೆ ಲೂಕಾಸ ದೊರೇನೇ ಕೇಳಿದರೆ, ಮಟ್ಟು ಮುಗಿದ ಮೇಲೆ ನಿಮಗೇನಯ್ಯಾ ಕೆಲಸ ಇಲ್ಲಿ ಅಂದನಂತೆ. ಲೂಕಾಸನಿಗೆ ಮೈಯೆಲ್ಲ ಉರಿದು ಹೋಯ್ತು. ಹಂಗಾದ್ರೆ ಮುಗಿಸೋದೇ ಇಲ್ಲ ಅಂದ್ಕೊಂಡನಂತೆ.

ಮಾರನೇ ದಿನ ಮಧ್ಯಾಹ್ನ ಅಕ್ಕಪಕ್ಕದ ದೊರೆಗಳೆಲ್ಲ ಔತಣಕ್ಕೆ ಬಂದಿದ್ದಾರೆ, ಮೂವರೂ ಶುರು ಹಚ್ಚಿಕೊಂಡರಂತೆ. ಒಬ್ಬ ಉಸಿರು ತಗೊಂಡರೆ ಇಬ್ಬರು ಊದೋದು, ಕೊನೆ ಬಂತು ಅನ್ನೋವಾಗ ತಿರುಗಿ ಮೊದಲಿಂದ. ದೊರೆ ನಿಂತ, ನಿಂತೇ ಇದ್ದ, ಬಂದ ದೊರೆಗಳೂ ನಿಂತೇ ಇದ್ದರು, ಸಾರು ತಣ್ಣಗಾಯ್ತು, ಕಾಲು ಬಾತುಕೊಂಡವು. ಪಾರುಪತ್ಯಗಾರ ತುತ್ತೂರಿ ಕಿತ್ತುಕೊಳ್ಳೋಕೆ ಹೋದರೆ ದೊರೇನೇ, ಬೇಡವೋ ಮುಠ್ಠಾಳ, ಅರ್ಧಕ್ಕೆ ನಿಂತೀತು ಅಂತ ಕಿರುಚಿದನಂತೆ. ದೊರೆ ನಿಲ್ಲಲಿ ಬಿಡು, ಇನ್ನೂ ನಿಲ್ಲಲಿ!

ಕೊನೆಗೆ ಏನು ಬೇಕ್ರಪ್ಪಾ ನಿಮಗೆ ಅಂತ ಕೇಳಿದನಂತೆ. ಬಾಯಲ್ಲಿ ತುತ್ತೂರಿ, ಹೇಗೆ ಹೇಳ್ತಾರೆ? ನಗಾರಿಗೆ ಒರಗಿ ಮಂಜಲ್ಲಿ ಕೆಮ್ತಿದ್ದ ಅಪ್ಪನ್ನ ಲೂಕಾಸ ಕಣ್ಣಲ್ಲೇ ತೋರಿಸಿದ. ದೊರೆ ಕುಂಟ್ತಾ ಹೊಸ್ತಿಲು ದಾಟಿ, ಮಂಜಿಗಿಳಿದು, ಮುದುಕನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬಂದನಂತೆ. ಮೂವರೂ ಊದ್ತಾ ಊದ್ತಾ ಹಿಂದೇನೇ ಬಂದರಂತೆ. ಒಳಬರೋ ಮಟ್ಟು ತಾನೇ ಅದು, ಆವತ್ತು ಒಳಬಂದವನು ಮುದುಕ! ದೊರೆಗಳೆಲ್ಲ ನಿಂತೇ ಇದ್ದರಲ್ಲ, ಅವನಿಗೇ ಎದ್ದು ನಿಂತ ಹಾಗಾಯ್ತು. ಅವನು ಬೆಂಕಿ ಪಕ್ಕ ಕೂತ ಮೇಲೇ ತುತ್ತೂರಿ ನಿಂತಿದ್ದು, ತುತ್ತೂರಿ ನಿಂತ ಮೇಲೇ ದೊರೆ ಕೂತಿದ್ದು.

ಆಮೇಲೆ ಮುದುಕ ಚೇತರಿಸಿಕೊಂಡು, ಮಕ್ಕಳ ಜೊತೆ ಒಳಗೇ ಉಂಡುಕೊಂಡು ಸುಖವಾಗಿದ್ದನಂತೆ. ಅವರ ಕತೆ ಮುಗೀತು, ನಿನ್ನ ನಿದ್ದೆ ಶುರುವಾಗ್ಲಿ, ಕಣ್ಮುಚ್ಚು ಮಗಾ.